ಗ್ರೇ ಬರಲಿಲ್ಲ, ಝಡ್ ತಡವಾಗಿ ಬಂತು: ಪೋಕೆಮಾನ್ ಅಭಿಮಾನಿಗಳ ಊಹೆಯ ಲೆಕ್ಕಾಚಾರ

2011ರ ಕೊನೆಯ ದಿನಗಳು. ಮೈಸೂರಿನ ಹಾಸ್ಟೆಲ್ ರೂಮಿನಲ್ಲಿ ನಾನೂ ನನ್ನ ರೂಮ್‌ಮೇಟೂ ಒಂದು ಪ್ಲೇಟ್ ಗೋಬಿ ಮಂಚೂರಿಗೆ ಬೆಟ್ ಕಟ್ಟಿದ್ದೆವು. ವಿಷಯ, ಪೋಕೆಮಾನ್‌ನ ಮುಂದಿನ ಆಟ. ಅದರ ಹೆಸರು ‘ಪೋಕೆಮಾನ್ ಗ್ರೇ’ ಅನ್ನುವುದರಲ್ಲಿ ಇಬ್ಬರಿಗೂ ಅನುಮಾನವೇ ಇರಲಿಲ್ಲ. ಜಗಳ ಇದ್ದದ್ದು ಅದು ಯಾವ ಗೇಮಿಂಗ್ ಯಂತ್ರಕ್ಕೆ ಬರುತ್ತೆ ಅನ್ನುವುದರಲ್ಲಿ. ಆ ವರ್ಷವಷ್ಟೇ ಬಂದಿದ್ದ ನಿಂಟೆಂಡೋ 3ಡಿಎಸ್‌ಗೆ ಅಂತ ಅವನು. ಇಲ್ಲ, ಹಳೇ ಡಿಎಸ್‌ಗೇ ಅಂತ ನಾನು. ಇಬ್ಬರ ಹತ್ತಿರವೂ ಎರಡೂ ಇರಲಿಲ್ಲ, ಅದು ಬೇರೆ ಮಾತು. ನಾವು ಆಡುತ್ತಿದ್ದದ್ದು ಲ್ಯಾಪ್‌ಟಾಪಿನಲ್ಲಿ, ಎಮ್ಯುಲೇಟರ್ (ಆ ಯಂತ್ರದ ಆಟವನ್ನು ಕಂಪ್ಯೂಟರಿನಲ್ಲಿ ಓಡಿಸುವ ಸಾಫ್ಟ್‌ವೇರ್) ಹಾಕಿಕೊಂಡು.

2012ರ ಫೆಬ್ರವರಿ 26ರಂದು ಜಪಾನಿನ ಒಂದು ಟಿವಿ ಕಾರ್ಯಕ್ರಮದಲ್ಲಿ ಹೊಸ ಆಟದ ಘೋಷಣೆಯಾಯಿತು. ಗ್ರೇ ಅಲ್ಲ. ‘ಬ್ಲ್ಯಾಕ್ 2’ ಮತ್ತು ‘ವೈಟ್ 2’. ಅಂದರೆ ಒಂದಲ್ಲ, ಎರಡು ಆಟ, ಅದೂ ಹಿಂದಿನ ಕಥೆಯ ಮುಂದುವರಿದ ಭಾಗ. ಯಂತ್ರ ಮಾತ್ರ ನಾನು ಹೇಳಿದ ಡಿಎಸ್ಸೇ. ಅರ್ಧ ಗೆದ್ದಿದ್ದೇನೆ, ಅರ್ಧ ಪ್ಲೇಟಾದರೂ ಕೊಡಿಸು ಅಂದೆ. ಗ್ರೇ ಬರದಿದ್ದ ಮೇಲೆ ಬೆಟ್ಟೇ ಇಲ್ಲ ಅಂದುಬಿಟ್ಟ.

ಆವತ್ತಿನಿಂದ ನನಗೆ ಆಟಕ್ಕಿಂತ ಆಟದ ಬಗ್ಗೆ ಜನ ಮಾಡುವ ಊಹೆಗಳ ಮೇಲೇ ಆಸೆ ಜಾಸ್ತಿ. ಹೊರಗಿನಿಂದ ನೋಡುವವರಿಗೆ ಇದು ಹುಚ್ಚು ಅನ್ನಿಸಬಹುದು. ಒಂದು ಬೆಕ್ಕಿನ ಮರಿಯ ಚಿತ್ರ ಬಿಟ್ಟರೆ ಸಾಕು, ಅದು ದೊಡ್ಡದಾದ ಮೇಲೆ ಎರಡು ಕಾಲಲ್ಲಿ ನಿಲ್ಲುತ್ತೋ ನಾಲ್ಕು ಕಾಲಲ್ಲೋ ಅಂತ ತಿಂಗಳುಗಟ್ಟಲೆ ವಾದ. ಆದರೆ ಈ ವಾದಗಳ ಹಿಂದೆ ಒಂದು ಲೆಕ್ಕ ಇದೆ. ಕೆಲವು ಸಲ ಅದು ಬಹಳ ಚೆಂದದ ಲೆಕ್ಕ. ಅದು ಹೇಗೆ ನಡೆಯುತ್ತೆ, ಎಲ್ಲಿ ಸರಿ ಬರುತ್ತೆ, ಎಲ್ಲಿ ಪದೇ ಪದೇ ಮುಗ್ಗರಿಸುತ್ತೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ನಮ್ಮಲ್ಲಿ ಹೆಚ್ಚಿನವರಿಗೆ ಪೋಕೆಮಾನ್ ಅಂದರೆ ಸ್ಕೂಲು ಬಿಟ್ಟು ಬಂದು ನೋಡುತ್ತಿದ್ದ ಕಾರ್ಟೂನ್, ಇಲ್ಲವೇ ಚಿಪ್ಸ್ ಪ್ಯಾಕೆಟ್ಟಿನಲ್ಲಿ ಸಿಗುತ್ತಿದ್ದ ಟ್ಯಾಜೋ. ಆದರೆ ಮೂಲ ಅದು ವಿಡಿಯೊ ಗೇಮ್. ಜಪಾನಿನ ಗೇಮ್ ಫ್ರೀಕ್ ಅನ್ನುವ ಕಂಪನಿ 1996ರ ಫೆಬ್ರವರಿ 27ರಂದು ‘ರೆಡ್’ ಮತ್ತು ‘ಗ್ರೀನ್’ ಅಂತ ಎರಡು ಆಟ ಬಿಟ್ಟಿತು. ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಇದರಲ್ಲಿ ಸಿಗುವ ಕೆಲವು ಪ್ರಾಣಿಗಳು ಅದರಲ್ಲಿ ಸಿಗುವುದಿಲ್ಲ, ಎಲ್ಲ ಬೇಕೆಂದರೆ ಗೆಳೆಯನ ಜೊತೆ ಕೇಬಲ್ ಹಾಕಿ ಅದಲುಬದಲು ಮಾಡಿಕೊಳ್ಳಬೇಕು. ಈ ಜೋಡಿ ಪದ್ಧತಿ ಇವತ್ತಿಗೂ ನಡೆದುಕೊಂಡು ಬಂದಿದೆ. ಪ್ರತಿ ಹೊಸ ಜೋಡಿಗೂ ಒಂದು ಹೊಸ ನಾಡು, ಹೊಸ ಪ್ರಾಣಿಗಳು, ಶುರುವಿನಲ್ಲಿ ಆರಿಸಿಕೊಳ್ಳಲು ಹುಲ್ಲು, ಬೆಂಕಿ, ನೀರು ಟೈಪಿನ ಮೂರು ಮರಿಗಳು. ಇವಕ್ಕೆ ಸ್ಟಾರ್ಟರ್ ಅಂತಾರೆ. ಟೈಪ್ ಅಂದರೆ ಪ್ರಾಣಿಯ ಜಾತಿಗುಣ, ಯಾರ ಏಟು ಯಾರಿಗೆ ಜೋರಾಗಿ ತಾಗುತ್ತೆ ಅನ್ನುವುದು ಅದರ ಮೇಲೆ. ಆಮೇಲೆ ಡಬ್ಬದ ಮೇಲೆ ಚಿತ್ರವಾಗಿ ಕೂರುವ ಒಂದೊಂದು ಮಹಾಪ್ರಾಣಿ. ಅದು ಲೆಜೆಂಡರಿ. (ವ್ಯಾಕರಣದ ಮಹಾಪ್ರಾಣ ನೆನಪಾದರೆ ನಾನು ಹೊಣೆಯಲ್ಲ.)

ಇಷ್ಟು ವರ್ಷ ಇಷ್ಟು ನಿಯಮವಾಗಿ ನಡೆದುಕೊಂಡು ಬಂದದ್ದು ಯಾವುದೇ ಇರಲಿ, ಅದನ್ನು ನೋಡುವವರು ಮುಂದಿನದನ್ನು ಊಹಿಸದೇ ಇರುತ್ತಾರಾ?

ಗ್ರೇ ಅನ್ನುವ ನಂಬಿಕೆ ಎಲ್ಲಿಂದ ಬಂತು

ಜೋಡಿ ಆಟ ಬಂದ ಒಂದೆರಡು ವರ್ಷಕ್ಕೆ ಅದೇ ನಾಡಿನ ಮೂರನೇ ಆಟ ಒಂದು ಬರುತ್ತಿತ್ತು. ರೆಡ್, ಗ್ರೀನ್ ಆದ ಮೇಲೆ 1998ರಲ್ಲಿ ‘ಯೆಲ್ಲೋ’. ಗೋಲ್ಡ್, ಸಿಲ್ವರ್ ಆದ ಮೇಲೆ 2000ದಲ್ಲಿ ‘ಕ್ರಿಸ್ಟಲ್’. ರೂಬಿ, ಸಫೈರ್ ಆದ ಮೇಲೆ 2004ರಲ್ಲಿ ‘ಎಮರಾಲ್ಡ್’. ಡೈಮಂಡ್, ಪರ್ಲ್ ಆದ ಮೇಲೆ 2008ರಲ್ಲಿ ‘ಪ್ಲಾಟಿನಮ್’. ನಾಲ್ಕು ಸಲ, ಒಂದು ಸಲವೂ ತಪ್ಪಿಲ್ಲ. ಅದರಲ್ಲೂ ಕೊನೆಯ ಎರಡರಲ್ಲಿ ಇನ್ನೊಂದು ಸುಳಿವಿತ್ತು. ರೂಬಿ, ಸಫೈರ್ ಆಟದೊಳಗೆ ಒಂದು ಗೋಪುರದ ತುದಿಯಲ್ಲಿ ರೇಕ್ವಾಜಾ ಅನ್ನುವ ಮೂರನೇ ಲೆಜೆಂಡರಿ ಸುಮ್ನೆ ಕೂತಿತ್ತು. ಎಮರಾಲ್ಡ್ ಬಂದಾಗ ಡಬ್ಬದ ಮೇಲೆ ಅದೇ. ಡೈಮಂಡ್, ಪರ್ಲ್‌ನಲ್ಲಿ ಗಿರಾಟಿನಾ ಒಂದು ಗುಹೆಯಲ್ಲಿ ಅಡಗಿತ್ತು. ಪ್ಲಾಟಿನಮ್ ಡಬ್ಬದ ಮೇಲೆ ಅದೇ. ಹಾಗಾಗಿ ಜೋಡಿ ಆಟದಲ್ಲಿ ಕಥೆಯೇ ಇಲ್ಲದೆ ಮೂಲೆಯಲ್ಲಿ ಕೂತಿರುವ ಮೂರನೆಯದು ಯಾವುದು ಅಂತ ಹುಡುಕಿದರೆ ಮುಂದಿನ ಆಟದ ನಾಯಕ ಸಿಕ್ಕ ಹಾಗೆ.

2010ರ ಸೆಪ್ಟೆಂಬರ್‌ನಲ್ಲಿ ‘ಬ್ಲ್ಯಾಕ್’ ಮತ್ತು ‘ವೈಟ್’ ಬಂದವು. ನ್ಯೂಯಾರ್ಕನ್ನು ನೋಡಿ ಕಟ್ಟಿದ ಯುನೋವಾ ಅನ್ನುವ ನಾಡು. ಎರಡು ಡ್ರ್ಯಾಗನ್‌ಗಳು: ಬಿಳಿಯ ರೆಶಿರಾಮ್ ಸತ್ಯದ ಕಡೆ, ಕಪ್ಪು ಜೆಕ್ರೋಮ್ ಆದರ್ಶದ ಕಡೆ. ಮೊದಲು ಇವೆರಡೂ ಒಂದೇ ಡ್ರ್ಯಾಗನ್ ಆಗಿದ್ದವು, ಅವಳಿ ಅಣ್ಣತಮ್ಮಂದಿರ ಜಗಳದಲ್ಲಿ ಎರಡಾಗಿ ಸೀಳಿಹೋದವು ಅನ್ನುವುದು ಆಟದೊಳಗಿನ ಪುರಾಣ.

ಮೂರನೆಯದು ಕ್ಯುರೆಮ್. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಲಕುನೋಸಾ ಅನ್ನುವ ಪುಟ್ಟ ಊರು. ಅಲ್ಲಿನ ಜನ ಕತ್ತಲಾದ ಮೇಲೆ ಮನೆಯಿಂದ ಹೊರಗೆ ಬರುವುದಿಲ್ಲ. ಯಾಕೆ ಅಂತ ಕೇಳಿದರೆ, ಹಿಂದೆ ಆಕಾಶದಿಂದ ಬಿದ್ದ ಕಲ್ಲಿನ ಜೊತೆ ಬಂದ ಒಂದು ಜೀವ ರಾತ್ರಿ ಊರಿಗೆ ಬಂದು ಜನರನ್ನು ತಿನ್ನುತ್ತಿತ್ತು ಅಂತ ಹೇಳುತ್ತಾರೆ. ಊರಿನ ಹತ್ತಿರವೇ ಆ ಕಲ್ಲು ಬಿದ್ದ ದೊಡ್ಡ ಕುಳಿ. ಅದರ ಒಳಗೆ, ತಳದಲ್ಲಿ, ಕ್ಯುರೆಮ್ ಒಂಟಿಯಾಗಿ ನಿಂತಿರುತ್ತೆ. ಬೂದು ಬಣ್ಣ. ಬಾಗಿದ ಬೆನ್ನು. ಮುರಿದು ಹೆಪ್ಪುಗಟ್ಟಿದ ಹಾಗೆ ಕಾಣುವ ರೆಕ್ಕೆ. ತನ್ನೊಳಗಿನ ಶೀತ ಹೊರಗೆ ಸೋರಿ ತನ್ನ ಮೈಯೇ ಗಡ್ಡೆ ಕಟ್ಟಿಕೊಂಡಿದೆ ಅಂತ ಆಟವೇ ಅದರ ಬಗ್ಗೆ ಬರೆದಿದೆ. ಇಷ್ಟು ಕಟ್ಟಿ, ಇಷ್ಟು ಹೆದರಿಸಿ, ಕಥೆಯಲ್ಲಿ ಮಾತ್ರ ಅದಕ್ಕೆ ಒಂದು ಕೆಲಸವೂ ಇಲ್ಲ.

ಬಿಳಿ ಇದೆ, ಕಪ್ಪು ಇದೆ, ನಡುವೆ ಬೂದು. ಒಂದು ಡ್ರ್ಯಾಗನ್ ಎರಡಾಯಿತಂತೆ, ಇದು ನೋಡಿದರೆ ಒಳಗೆಲ್ಲ ಖಾಲಿಯಾದ ಸಿಪ್ಪೆಯ ಹಾಗಿದೆ. ಅಂದರೆ ಸೀಳಿದಾಗ ಉಳಿದ ತೊಗಟೆಯೇ ಇದು. ಅಂದರೆ ಮುಂದಿನ ಆಟದಲ್ಲಿ ಮೂರೂ ಮತ್ತೆ ಕೂಡುತ್ತವೆ. ಅಂದರೆ ಆಟದ ಹೆಸರು ಗ್ರೇ. ನೋಡಿ, ಒಂದೊಂದು ಮೆಟ್ಟಿಲೂ ಎಷ್ಟು ಗಟ್ಟಿ! ಈಗಲೂ ನನಗೆ ಈ ತರ್ಕದಲ್ಲಿ ತಪ್ಪು ಕಾಣುವುದಿಲ್ಲ.

ಬಂದದ್ದು ಏನು? ಕ್ಯುರೆಮ್ ಡಬ್ಬದ ಮೇಲೆ ಬಂತು, ಸರಿ. ಕೂಡುವುದೂ ನಿಜವಾಯಿತು. ಆದರೆ ಮೂರೂ ಒಟ್ಟಿಗಲ್ಲ. ಬ್ಲ್ಯಾಕ್ 2ರಲ್ಲಿ ಜೆಕ್ರೋಮ್ ಜೊತೆ ಕೂಡಿ ಕಪ್ಪು ಕ್ಯುರೆಮ್, ವೈಟ್ 2ರಲ್ಲಿ ರೆಶಿರಾಮ್ ಜೊತೆ ಕೂಡಿ ಬಿಳಿ ಕ್ಯುರೆಮ್. ಅದೇ ಕಥೆಯನ್ನು ಚೂರು ತಿದ್ದಿ ಮತ್ತೆ ಮಾರುವ ಬದಲು ಎರಡು ವರ್ಷ ಕಳೆದ ಮೇಲಿನ ಯುನೋವಾ. ಹೊಸ ಹುಡುಗ ಅಥವಾ ಹುಡುಗಿ, ಹೊಸ ಊರುಗಳು. ಹಿಂದಿನ ಆಟದಲ್ಲಿ ನಮ್ಮ ಜೊತೆ ಆಡಿಕೊಂಡಿದ್ದ ಚೆರೆನ್ ಈಗ ಮೇಷ್ಟ್ರ ಥರ ಜಿಮ್ ಲೀಡರ್ (ಆಟಗಾರ ಊರೂರಲ್ಲಿ ಸೋಲಿಸಬೇಕಾದ ಪಟು) ಆಗಿ ಕೂತಿದ್ದಾನೆ. ಬ್ಲ್ಯಾಕ್, ವೈಟ್ ನಿರ್ದೇಶಿಸಿದ್ದು ಜುನಿಚಿ ಮಸುದಾ, ಈ ಸಲ ತಕಾವೊ ಉನ್ನೊ. ಮುಖ್ಯ ಸರಣಿಯಲ್ಲಿ ಹೆಸರಿನ ಮುಂದೆ 2 ಅಂತ ಹಾಕಿಕೊಂಡು ಬಂದ ಆಟ ಅದೊಂದೇ. ಹಳೆಯ ಆಟಗಳ ಜಿಮ್ ಲೀಡರ್‌ಗಳನ್ನೆಲ್ಲ ಒಂದೇ ಕಡೆ ಸೇರಿಸಿ ಟೂರ್ನಮೆಂಟ್ ಬೇರೆ ಇಟ್ಟಿದ್ದರು. ಅದನ್ನು ಊಹಿಸಿದವರು ಯಾರನ್ನೂ ನಾನು ಕಾಣೆ.

ನನಗೆ ಇದನ್ನು ನೋಡಿದಾಗ ಅನ್ನಿಸುವುದು ಒಂದೇ. ಅಮ್ಮ ಅಂಗಡಿಗೆ ಕಳಿಸಿದ ಚೀಟಿ ನೋಡಿ ಮಧ್ಯಾಹ್ನದ ಅಡುಗೆ ಊಹಿಸುವ ಕೆಲಸ ಇದು. ಚೀಟಿಯಲ್ಲಿ ತೊಗರಿಬೇಳೆ, ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ. ಆಹಾ, ಇವತ್ತು ಹುಳಿ ಅಂತ ಕುಣಿದುಕೊಂಡು ಬಂದರೆ ಎಲೆಯ ಮೇಲೆ ಬಿಸಿಬೇಳೆಬಾತ್. ಸಾಮಾನು ಒಂದೂ ತಪ್ಪಿಲ್ಲ. ಅಡುಗೆ ಮಾತ್ರ ಬೇರೆ. ಪೋಕೆಮಾನ್ ಅಭಿಮಾನಿಗಳು ಸಾಮಾನು ಗುರುತಿಸುವುದರಲ್ಲಿ ನಿಸ್ಸೀಮರು. ಅಡುಗೆ ಹೇಳಲು ಹೋದಾಗಲೇ ಎಡವಟ್ಟು.

ರಿಬ್ಬನ್ ಕಟ್ಟಿದ ಈವಿಯ ಕಥೆ

ನಾನು ಕಂಡ ಅತಿ ಚೆಂದದ ತಪ್ಪು ಊಹೆ 2013ರದ್ದು. ಇದನ್ನು ಅರ್ಥ ಮಾಡಿಕೊಳ್ಳಲು ಈವಿ ಗೊತ್ತಿರಬೇಕು. ಈವಿ ಅಂದರೆ ನರಿಮರಿಯ ಹಾಗಿರುವ ಒಂದು ಪೋಕೆಮಾನ್. ಅದರ ವಿಶೇಷ ಏನೆಂದರೆ ಬೆಳೆದಾಗ ಅದು ಬೇರೆ ಬೇರೆ ರೂಪ ತಾಳಬಲ್ಲದು. 1996ರಲ್ಲಿ ಮೂರು ರೂಪ: ನೀರು, ವಿದ್ಯುತ್, ಬೆಂಕಿ. 1999ರಲ್ಲಿ ಎರಡು: ಸೈಕಿಕ್, ಡಾರ್ಕ್. 2006ರಲ್ಲಿ ಇನ್ನೆರಡು: ಹುಲ್ಲು, ಐಸ್. ಒಟ್ಟು ಏಳು.

2013ರ ಫೆಬ್ರವರಿಯಲ್ಲಿ, ಎಕ್ಸ್ ಮತ್ತು ವೈ ಆಟ ಬರುವುದಕ್ಕೆ ಎಂಟು ತಿಂಗಳು ಮೊದಲು, ಎಂಟನೇ ರೂಪದ ಚಿತ್ರ ಬಿಟ್ಟರು. ಹೆಸರು ಸಿಲ್ವಿಯಾನ್. ಗುಲಾಬಿ ಬಣ್ಣ, ಕುತ್ತಿಗೆಗೂ ಕಿವಿಗೂ ಬೋ ಕಟ್ಟಿ ಇಳಿಬಿಟ್ಟ ರಿಬ್ಬನ್. ಟೈಪ್ ಯಾವುದು ಅಂತ ಮಾತ್ರ ಹೇಳಲಿಲ್ಲ. ಉರಿಯುವ ಒಲೆಗೆ ಸೀಮೆಎಣ್ಣೆ ಸುರಿದ ಹಾಗಾಯಿತು.

ಗಾಳಿಯಲ್ಲಿ ತೇಲುವ ರಿಬ್ಬನ್ ನೋಡಿ ಫ್ಲೈಯಿಂಗ್ ಅಂದವರಿದ್ದರು. ಆದರೆ ಲೆಕ್ಕ ಬಲ್ಲವರು ಬೇರೆ ದಾರಿ ಹಿಡಿದರು. 2006ಕ್ಕಿಂತ ಮೊದಲಿನ ಆಟಗಳಲ್ಲಿ ಟೈಪ್‌ಗಳನ್ನು ಎರಡು ಪಂಗಡ ಮಾಡಿದ್ದರು. ಮೈಬಲದ ಪಂಗಡ ಒಂದು, ಅಂದರೆ ಗುದ್ದುವುದು, ಕಲ್ಲು ಎಸೆಯುವುದು ಇತ್ಯಾದಿ. ಇನ್ನೊಂದು ಸ್ಪೆಷಲ್ ಪಂಗಡ. ಹದಿನೇಳು ಟೈಪ್‌ಗಳಲ್ಲಿ ಸ್ಪೆಷಲ್ ಪಂಗಡಕ್ಕೆ ಸೇರಿದ್ದು ಎಂಟು: ಬೆಂಕಿ, ನೀರು, ಹುಲ್ಲು, ವಿದ್ಯುತ್, ಐಸ್, ಸೈಕಿಕ್, ಡಾರ್ಕ್, ಡ್ರ್ಯಾಗನ್. ಈಗ ಈವಿಯ ಏಳು ರೂಪಗಳನ್ನು ಪಕ್ಕದಲ್ಲಿ ಇಟ್ಟು ನೋಡಿ. ಏಳೂ ಈ ಎಂಟರ ಒಳಗೇ ಇವೆ. ಒಂದೂ ಹೊರಗಿಲ್ಲ. ಪಂಗಡದ ಪದ್ಧತಿಯನ್ನು 2006ರಲ್ಲಿ ಕಿತ್ತುಹಾಕಿದ ಮೇಲೂ ಈವಿ ಮಾತ್ರ ಆ ಹಳೇ ಗೆರೆ ದಾಟಿರಲಿಲ್ಲ. ಉಳಿದದ್ದು ಒಂದೇ ಒಂದು. ಡ್ರ್ಯಾಗನ್!

ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಂ ಅಂದಿತ್ತು. ಇಷ್ಟು ಅಚ್ಚುಕಟ್ಟಾಗಿರುವುದು ತಪ್ಪಾಗಲು ಸಾಧ್ಯವೇ ಇಲ್ಲ ಅನ್ನಿಸಿತ್ತು.

ಜೂನ್ ತಿಂಗಳಲ್ಲಿ ಅಮೆರಿಕದ ಇ3 ಅನ್ನುವ ವಿಡಿಯೊ ಗೇಮ್ ಪ್ರದರ್ಶನದ ಹೊತ್ತಿಗೆ ಉತ್ತರ ಬಂತು. ಸಿಲ್ವಿಯಾನ್ ಫೇರಿ ಟೈಪ್. ಅಂಥದ್ದೊಂದು ಟೈಪ್ ಅಲ್ಲಿಯವರೆಗೆ ಇರಲೇ ಇಲ್ಲ. 1999ರ ನಂತರ, ಹದಿನಾಲ್ಕು ವರ್ಷಕ್ಕೆ, ಹೊಸ ಟೈಪ್ ಸೇರಿಸಿದ್ದರು. ಹದಿನೇಳು ಇದ್ದದ್ದು ಹದಿನೆಂಟಾಯಿತು. ಎಲ್ಲಕ್ಕಿಂತ ನಗು ಬರುವುದು ಮುಂದಿನ ಮಾತಿಗೆ: ಫೇರಿಯ ಮುಖ್ಯ ಕೆಲಸವೇ ಡ್ರ್ಯಾಗನ್‌ಗಳನ್ನು ಹೊಡೆಯುವುದು. ಡ್ರ್ಯಾಗನ್‌ನ ಏಟು ಫೇರಿಗೆ ತಾಗುವುದೇ ಇಲ್ಲ, ಫೇರಿಯ ಏಟು ಡ್ರ್ಯಾಗನ್‌ಗೆ ಎರಡರಷ್ಟು. ಡ್ರ್ಯಾಗನ್ ಅಂತ ಊಹಿಸಿದವರಿಗೆ ಸಿಕ್ಕಿದ್ದು ಡ್ರ್ಯಾಗನ್‌ನ ಯಮ!

ಹಿಂದಿರುಗಿ ನೋಡಿದರೆ ಸುಳಿವು ಬೇರೆ ಕಡೆ ಇತ್ತು. ಬ್ಲ್ಯಾಕ್, ವೈಟ್ ಕಾಲದಲ್ಲಿ ಡ್ರ್ಯಾಗನ್ ಏಟನ್ನು ತಡೆಯುವ ಟೈಪ್ ಸ್ಟೀಲ್ ಒಂದೇ. ಡ್ರ್ಯಾಗನ್‌ಗೆ ಜೋರಾಗಿ ತಾಗುವುದು ಐಸ್ ಮತ್ತು ಇನ್ನೊಂದು ಡ್ರ್ಯಾಗನ್. ಹಾಗಾಗಿ ಸ್ಪರ್ಧೆಗೆ ಆಡುವವರ ತಂಡಗಳಲ್ಲಿ ಡ್ರ್ಯಾಗನ್‌ಗಳದ್ದೇ ಕಾರುಬಾರು. ಇದಕ್ಕೆ ಏನಾದರೂ ಮದ್ದು ಮಾಡಲೇಬೇಕು ಅಂತ ಆಟ ಕಟ್ಟುವವರ ಜಾಗದಲ್ಲಿ ಕೂತು ಯೋಚಿಸಿದ್ದರೆ ಹೊಳೆಯುತ್ತಿತ್ತೇನೋ. ಅಭಿಮಾನಿಗಳು ನೋಡಿದ್ದು ಈವಿಯ ವಂಶವೃಕ್ಷ. ಕಂಪನಿ ನೋಡಿದ್ದು ಕೆಟ್ಟುಹೋದ ತಕ್ಕಡಿ. ಆದ್ದರಿಂದ ಯಾರಾದರೂ ಹೊಸ ಊಹೆ ತಂದರೆ ನಾನು ಕೇಳುವ ಮೊದಲ ಪ್ರಶ್ನೆ, ಇದರಿಂದ ಆಟದ ಯಾವ ತೊಂದರೆ ಸರಿಹೋಗುತ್ತೆ? ಉತ್ತರ ಇಲ್ಲದಿದ್ದರೆ ಅದು ಬರೀ ಚೆಂದದ ಲೆಕ್ಕ.

ಬೆಂಕಿಮರಿಗಳ ಜಾತಕ

ಸ್ಟಾರ್ಟರ್‌ಗಳ ವಿಷಯಕ್ಕೆ ಬಂದರೆ ಊಹೆಗೂ ಭಯಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಬೆಂಕಿ ಸ್ಟಾರ್ಟರ್ ದೊಡ್ಡದಾದಾಗ ಬೆಂಕಿ ಜೊತೆ ಫೈಟಿಂಗ್ ಟೈಪೂ ಆಗುವುದು 2002ರಲ್ಲಿ ಆಯಿತು, 2006ರಲ್ಲಿ ಆಯಿತು, 2010ರಲ್ಲಿ ಮತ್ತೂ ಆಯಿತು. ಮೂರು ಸಲ ಸತತ. ಹಾಗಾಗಿ 2013ರಲ್ಲಿ ಫೆನ್ನೆಕಿನ್ ಅನ್ನುವ ನರಿಮರಿ ತೋರಿಸಿದಾಗ ಎಲ್ಲರೂ ದೇವರಿಗೆ ಹರಕೆ ಹೊತ್ತರು, ಇದಾದರೂ ಕುಸ್ತಿ ಪೈಲ್ವಾನ್ ಆಗದಿರಲಿ ಅಂತ. ಆಗಲಿಲ್ಲ. ಮಂತ್ರದಂಡ ಹಿಡಿದ ಸೈಕಿಕ್ ಆಯಿತು. ಮೂರು ವರ್ಷ ಬಿಟ್ಟು ಲಿಟ್ಟನ್ ಅನ್ನುವ ಬೆಕ್ಕಿನ ಮರಿ ಬಂದಾಗ ಮತ್ತೆ ಅದೇ ಭಯ. ಅದು ಬೆಳೆದು ನಿಜವಾಗಿಯೂ ಕುಸ್ತಿಪಟುವೇ ಆಯಿತು, ಸೊಂಟಕ್ಕೆ ಬೆಂಕಿಯ ಬೆಲ್ಟ್ ಸಮೇತ. ಆದರೆ ಟೈಪ್ ಫೈಟಿಂಗ್ ಅಲ್ಲ, ಡಾರ್ಕ್. ಯಾಕಂದರೆ ಅದು ಟಿವಿ ಕುಸ್ತಿಯ ಖಳನಾಯಕ, ಮೋಸದ ಆಟ ಆಡುವವನು. ಭಯವೂ ನಿಜವಾಯಿತು, ಊಹೆಯೂ ಸುಳ್ಳಾಯಿತು. ಇಂಥದ್ದಕ್ಕೆ ಏನು ಅನ್ನುವುದೋ!

2022ರಲ್ಲಿ ಹುಲ್ಲಿನ ಬೆಕ್ಕಿನ ಮರಿ ಸ್ಪ್ರಿಗಟಿಟೋ ಬಂತು. ಇದನ್ನಾದರೂ ನಾಲ್ಕು ಕಾಲಲ್ಲಿ ಬಿಡಿ ಅಂತ ಪ್ರಪಂಚವೇ ಗೋಗರೆಯಿತು. ಅದು ಎದ್ದು ನಿಂತು ಜಾದೂಗಾರನಾಯಿತು. ಎರಡು ಕಾಲಲ್ಲಿ ಓಡಾಡಿಕೊಂಡಿದ್ದ ಫ್ಯೂಕೊಕೊ ಅನ್ನುವ ಮೊಸಳೆ ಮರಿಯೇ ಕೊನೆಗೆ ನಾಲ್ಕು ಕಾಲಿಗೆ ಇಳಿಯಿತು. ಕಂಪನಿಯಲ್ಲಿ ಯಾರೋ ನಮ್ಮನ್ನು ನೋಡಿ ನಗುತ್ತಿದ್ದಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಬೆಂಕಿಮರಿಗಳ ಬಗ್ಗೆ ಇನ್ನೊಂದು ಪ್ರಸಿದ್ಧ ಸಿದ್ಧಾಂತ ಇದೆ. ಅವು ಚೀನೀ ಪಂಚಾಂಗದ ಹನ್ನೆರಡು ಪ್ರಾಣಿಗಳಂತೆ. ಮೊದಲನೆಯದು ಡ್ರ್ಯಾಗನ್, ಎರಡನೆಯದು ಇಲಿ, ಆಮೇಲೆ ಹುಂಜ, ಕೋತಿ, ಹಂದಿ, ನಾಯಿ, ಹುಲಿ, ಮೊಲ. ಎಂಟು ಆಯಿತು, ಚೆನ್ನಾಗೇ ಹೊಂದುತ್ತೆ. ಆದರೆ ಹತ್ತಿರ ಹೋಗಿ ನೋಡಿದರೆ ಡ್ರ್ಯಾಗನ್ ಅಂದದ್ದು ಹಲ್ಲಿ, ನಾಯಿ ಅಂದದ್ದು ನರಿ, ಹುಲಿ ಅಂದದ್ದು ಬೆಕ್ಕು. ಒಂಬತ್ತನೆಯದಾಗಿ ಈ ಮೊಸಳೆ ಬಂದಾಗ ಸಿದ್ಧಾಂತ ಸತ್ತಿತು ಅಂತ ಅಂದುಕೊಂಡೆ. ಸಾಯಲಿಲ್ಲ. ಮೊಸಳೆಯೂ ಸರೀಸೃಪ, ಹಾವೂ ಸರೀಸೃಪ, ಆದ್ದರಿಂದ ಇದು ಹಾವಿನ ಲೆಕ್ಕಕ್ಕೆ ಅಂದರು. ನಮ್ಮ ಕಡೆ ಮಳೆ ಬರುತ್ತೆ ಅಂತ ಹೇಳಿ ಬರದಿದ್ದರೆ ಬೇರೆ ಸೀಮೆಯಲ್ಲಿ ಬಂದಿದೆಯಲ್ಲ ಅನ್ನುವ ಶಾಸ್ತ್ರಿಗಳು ನೆನಪಾದರು. ಏನು ಬಂದರೂ ಹೊಂದಿಸಿಕೊಳ್ಳುವ ಸಿದ್ಧಾಂತದಿಂದ ಮುಂದಿನದು ಏನು ಅಂತ ತಿಳಿಯುವುದಿಲ್ಲ. ಗ್ರೇ ತಪ್ಪಾದರೂ ಅದರ ಮೇಲೆ ನನಗೆ ಗೌರವ ಇರುವುದು ಅದಕ್ಕೇ. ಅದು ತಪ್ಪಾಗಬಲ್ಲ ಊಹೆ, ತಪ್ಪಾಗಿಯೂ ತೋರಿಸಿತು.

ಸರಿ ಬಂದ ಊಹೆಗಳೂ ಇವೆ

ಎಲ್ಲ ತಪ್ಪೇ ಅಂದುಕೊಳ್ಳಬೇಡಿ. 2022ರ ಜೂನ್ 1ರಂದು ‘ಸ್ಕಾರ್ಲೆಟ್’ ಮತ್ತು ‘ವಯೊಲೆಟ್’ ಆಟಗಳ ಟ್ರೇಲರ್ ಬಂತು. ಒಂದರಲ್ಲಿ ಪ್ರೊಫೆಸರ್ ಸಾದಾ, ಪ್ರಾಣಿಯ ಚರ್ಮ ಉಟ್ಟಂಥ ವೇಷ. ಇನ್ನೊಂದರಲ್ಲಿ ಪ್ರೊಫೆಸರ್ ಟೂರೊ, ಮಿರುಗುವ ಮುಂದಿನ ಶತಮಾನದ ಬಟ್ಟೆ. ಆಟದ ನಾಡು ಸ್ಪೇನ್ ನೋಡಿ ಕಟ್ಟಿದ್ದು ಅಂತ ಅಷ್ಟು ಹೊತ್ತಿಗೆ ಜನ ಕಂಡುಕೊಂಡಿದ್ದರು. ಸ್ಪ್ಯಾನಿಷ್‌ನಲ್ಲಿ ಕಳೆದುಹೋದದ್ದಕ್ಕೆ ‘ಪಸಾದಾ’, ಮುಂದೆ ಬರುವುದಕ್ಕೆ ‘ಫುಟೂರೊ’. ಹೆಸರುಗಳ ಬಾಲ ಹಿಡಿದರೆ ಸಾದಾ, ಟೂರೊ. ಸವಾರಿ ಮಾಡುವ ಲೆಜೆಂಡರಿಗಳು ಕೊರೈಡಾನ್ ಮತ್ತು ಮಿರೈಡಾನ್. ಜಪಾನಿಯಲ್ಲಿ ಕೊರೈ ಅಂದರೆ ಹಿಂದಿನಿಂದ ಬಂದದ್ದು, ಮಿರೈ ಅಂದರೆ ಭವಿಷ್ಯ. ಟ್ರೇಲರ್ ಮುಗಿಯುವಷ್ಟರಲ್ಲಿ ಉತ್ತರ ಕೈಯಲ್ಲಿ. ನವೆಂಬರ್‌ನಲ್ಲಿ ಆಟ ಬಂದಾಗ ಕಥೆಯ ತಿರುಳು ಅದೇ ಆಗಿತ್ತು, ಒಂದರಲ್ಲಿ ಭೂತಕಾಲದ ಪೋಕೆಮಾನ್, ಇನ್ನೊಂದರಲ್ಲಿ ಭವಿಷ್ಯದ್ದು. ಆದರೆ ಆ ಪ್ರೊಫೆಸರ್ ಬಗ್ಗೆ ಕೊನೆಯಲ್ಲಿ ಬಯಲಾಗುವ ಸಂಗತಿ ಇದೆಯಲ್ಲ, ಅದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಆಡದವರು ಇದ್ದಾರೆ, ಇಲ್ಲಿ ಹೇಳುವುದಿಲ್ಲ. ಮತ್ತೆ ಅದೇ ಚೀಟಿ, ಅದೇ ಅಡುಗೆ.

ಹೆಸರು ನಂಬಬಹುದಾದ ಸುಳಿವು ಯಾಕಂದರೆ ಅದನ್ನು ಕಂಪನಿಯವರು ಬೇಕೆಂದೇ ಇಟ್ಟಿರುತ್ತಾರೆ. ಸುಳಿವು ಬಿಡುವ ಚಟ ಅವರಿಗೆ ಮೊದಲಿನಿಂದಲೂ ಇದೆ. ಕಾರ್ಟೂನಿನ ಮೊಟ್ಟಮೊದಲ ಕಂತು, 1997ರ ಏಪ್ರಿಲ್ 1. ಮಳೆ ನಿಂತ ಮೇಲೆ ಕಥಾನಾಯಕ ಆ್ಯಷ್ ತಲೆ ಎತ್ತಿ ನೋಡಿದರೆ ಕಾಮನಬಿಲ್ಲಿನ ಕಡೆ ಬಂಗಾರದ ಹಕ್ಕಿಯೊಂದು ಹಾರುತ್ತಿದೆ. ಪ್ರಾಣಿಗಳ ವಿವರ ಹೇಳುವ ಯಂತ್ರ ಪೋಕೆಡೆಕ್ಸ್ ಕೇಳಿದರೆ ಮಾಹಿತಿ ಇಲ್ಲ ಅನ್ನುತ್ತೆ. ಆಗ ಇದ್ದದ್ದು 151 ಪೋಕೆಮಾನ್, ಅದರಲ್ಲಿ ಈ ಹಕ್ಕಿ ಇಲ್ಲ. ಎರಡೂವರೆ ವರ್ಷದ ನಂತರ ‘ಗೋಲ್ಡ್’ ಆಟದ ಡಬ್ಬದ ಮೇಲೆ ಅದೇ ಹಕ್ಕಿ, ಹೋ-ಓ.

ಒಂದು ಸಲ ಹೀಗೆ ಆಸೆ ಹುಟ್ಟಿಸಿದ ಮೇಲೆ ಜನ ಸುಮ್ಮನಿರುತ್ತಾರಾ? 1998ರ ಒಂದು ಕಿರುಚಿತ್ರದಲ್ಲಿ ದುಂಡಗಿನ ನೀಲಿ ಪ್ರಾಣಿ ಕಂಡಿತು. ಪಿಕಾಚುವಿನ ನೀಲಿ ರೂಪ ಅಂತ ಮಕ್ಕಳೇ ಅದಕ್ಕೆ ‘ಪಿಕಾಬ್ಲೂ’ ಅಂತ ಹೆಸರಿಟ್ಟು, ಹಳೇ ಆಟದಲ್ಲೇ ಅದನ್ನು ಪಡೆಯುವ ಸುಳ್ಳು ಉಪಾಯಗಳೂ ಹುಟ್ಟಿಕೊಂಡವು. ಅದು ಮ್ಯಾರಿಲ್, ಪಿಕಾಚುವಿಗೂ ಅದಕ್ಕೂ ಸಂಬಂಧವೇ ಇಲ್ಲ. ಮೊದಲ ಆಟದ ಬಂದರಿನ ಪಕ್ಕ ನಿಂತ ಲಾರಿಯ ಕೆಳಗೆ ಮ್ಯೂ ಅನ್ನುವ ಅಪರೂಪದ ಪೋಕೆಮಾನ್ ಇದೆ ಅನ್ನುವ ಮಾತಂತೂ ಇನ್ನೂ ಹಳೆಯದು. ಲಾರಿ ಕೆಳಗೆ ಏನೂ ಇರಲಿಲ್ಲ. 2004ರಲ್ಲಿ ಆ ಆಟದ ರಿಮೇಕ್ ಮಾಡಿದಾಗ ಅದೇ ಲಾರಿಯ ಹತ್ತಿರ ಒಂದು ತಿಂಡಿ ಅಡಗಿಸಿಟ್ಟಿದ್ದರು. ಹುಡುಕಿಕೊಂಡು ಬಂದವರು ಬರಿಗೈಲಿ ಹೋಗಬಾರದು ನೋಡಿ.

ಲೀಕ್ ಬೇರೆ, ಊಹೆ ಬೇರೆ

ಈಗಿನವರು ಇವೆರಡನ್ನೂ ಕಲಸಿಬಿಡುತ್ತಾರೆ. ಮೊದಲು ಲೀಕ್ ಅಂದರೆ ಹೆಚ್ಚಾಗಿ ಕೊರೊಕೊರೊ. ಅದು ಜಪಾನಿನ ಮಕ್ಕಳ ಮಾಸಪತ್ರಿಕೆ, ಹೊಸ ಪೋಕೆಮಾನ್ ಸುದ್ದಿ ಮೊದಲು ಅಲ್ಲೇ ಬರುತ್ತಿತ್ತು. ಮಾರಾಟದ ದಿನಕ್ಕಿಂತ ಕೆಲವು ದಿನ ಮುಂಚೆ ಪ್ರತಿ ಕೈಗೆ ಸಿಕ್ಕವರು ಯಾರೋ ಫೋಟೊ ತೆಗೆದು ಹಾಕಿಬಿಡುತ್ತಿದ್ದರು. ಅದೊಂದು ಹಬ್ಬದ ಥರ. 2016ರ ಅಕ್ಟೋಬರ್‌ನಲ್ಲಿ ‘ಸನ್’, ‘ಮೂನ್’ ಆಟಗಳ ಡೆಮೊ ಬಿಟ್ಟಾಗ ಅದರ ಫೈಲ್‌ಗಳನ್ನು ಬಗೆದು ನೋಡಿದವರಿಗೆ ಪೂರ್ತಿ ಆಟದ ಪೋಕೆಮಾನ್‌ಗಳೇ ಸಿಕ್ಕಿದವು. ಅದಕ್ಕೂ ಕೆಲವು ತಿಂಗಳ ಹಿಂದೆ ಚೀನಾದ ಕಡೆಯಿಂದ ಬಂದ ಚಿತ್ರಗಳಲ್ಲಿ ಆ ಕುಸ್ತಿಬೆಕ್ಕು ಇತ್ತು. ಇದು ಯಾವನೋ ಕೂತು ಬಿಡಿಸಿದ್ದು ಅಂತ ಅನೇಕರು ತಳ್ಳಿಹಾಕಿದ್ದರು, ನಾನೂ ಒಬ್ಬ. ಅಲ್ಲಿ ಕಲಿತ ಪಾಠ ಏನೆಂದರೆ ಸುಳ್ಳು ಲೀಕ್ ನಮ್ಮ ಊಹೆಗೆ ತಕ್ಕಂತೆ ಇರುತ್ತೆ, ಯಾಕಂದರೆ ಅದನ್ನು ಮಾಡುವವನೂ ನಮ್ಮಂಥ ಅಭಿಮಾನಿ. ನಿಜವಾದ ಲೀಕ್ ನೋಡಿದಾಗ ಥೂ, ಇದೆಂಥದು ಅನ್ನಿಸುತ್ತೆ.

2024ರ ಅಕ್ಟೋಬರ್‌ನಲ್ಲಿ ಆದದ್ದು ಮಾತ್ರ ಹಬ್ಬ ಅಲ್ಲ. ಗೇಮ್ ಫ್ರೀಕ್‌ನ ಸರ್ವರ್‌ಗೆ ಕನ್ನ ಹಾಕಿ ಹಳೇ ಕರಡು, ಚಿತ್ರ, ಕೋಡ್ ಎಲ್ಲ ಹೊರಗೆ ಸುರಿದರು. ಅದರ ಜೊತೆ ಕೆಲಸಗಾರರ ಮತ್ತು ಹಿಂದೆ ಕೆಲಸ ಮಾಡಿದವರ 2,600ಕ್ಕೂ ಹೆಚ್ಚು ವೈಯಕ್ತಿಕ ವಿವರಗಳೂ ಕಳ್ಳರ ಕೈಗೆ ಹೋದವು ಅಂತ ಕಂಪನಿಯೇ ಹೇಳಿತು. ಅದನ್ನು ನೋಡಿಕೊಂಡು ಮುಂದಿನ ಆಟ ಹೇಳುವುದು ಊಹೆ ಅಲ್ಲ, ಪ್ರಶ್ನೆಪತ್ರಿಕೆ ಕದ್ದು ರ‍್ಯಾಂಕ್ ಬಂದ ಹಾಗೆ.

ಝಡ್ ಎಂಬ ಹನ್ನೊಂದು ವರ್ಷ

ಕೊನೆಗೆ ಎರಡನೇ ಬೆಟ್‌ಗೆ ಬರುತ್ತೇನೆ. ಎಕ್ಸ್ ಮತ್ತು ವೈ 2013ರ ಅಕ್ಟೋಬರ್ 12ರಂದು ಬಂದವು. ಎಕ್ಸ್‌ನ ಲೆಜೆಂಡರಿ ಝೆರ್ನಿಯಸ್, ಅದರ ಕಣ್ಣೊಳಗೆ ಎಕ್ಸ್ ಗುರುತು. ವೈನದ್ದು ಇವೆಲ್ಟಾಲ್, ರೆಕ್ಕೆ ಬಿಚ್ಚಿದರೆ ವೈ ಆಕಾರ. ಮೂರನೆಯದು ಝೈಗಾರ್ಡ್, ಮೈ ಬಾಗಿಸಿದರೆ ಝಡ್. ಅದು ಒಂದು ಗುಹೆಯ ತಳದಲ್ಲಿ ಕಥೆಯಿಲ್ಲದೆ ಕೂತಿತ್ತು. ಇದನ್ನು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ರೂಮ್‌ಮೇಟ್ ಫೋನ್ ಮಾಡಿ, ಈ ಸಲ ಝಡ್ ಖಂಡಿತ, ಹಳೇ ಗೋಬಿ ಸೇರಿಸಿ ಎರಡು ಪ್ಲೇಟ್ ಅಂದ. ಗ್ರೇ ಮೇಲೆ ಕೈ ಸುಟ್ಟುಕೊಂಡಿದ್ದ ನಾನು ಬರಲ್ಲ ಅಂದೆ.

2015ರಲ್ಲಿ ನನಗೆ ನಡುಕ ಶುರುವಾಯಿತು. ಝೈಗಾರ್ಡ್‌ಗೆ ಶೇಕಡಾ 10, ಪೂರ್ಣ ಅಂತ ಹೊಸ ರೂಪಗಳು ಬಂದವು. ಆ ಅಕ್ಟೋಬರ್‌ನಲ್ಲಿ ಕಾರ್ಟೂನಿಗೆ ‘ಎಕ್ಸ್‌ವೈ ಆ್ಯಂಡ್ ಝಡ್’ ಅಂತ ಹೆಸರೇ ಬದಲಾಯಿತು. ಇನ್ನೇನು ಬೇಕು? ಮನಸ್ಸಿನಲ್ಲೇ ಗೋಬಿ ದುಡ್ಡು ತೆಗೆದಿಟ್ಟೆ. 2016ರ ಫೆಬ್ರವರಿಯಲ್ಲಿ ಘೋಷಣೆ ಬಂತು. ಸನ್ ಮತ್ತು ಮೂನ್. ಹೊಸ ನಾಡು. ಝೈಗಾರ್ಡ್‌ನ ರೂಪಗಳನ್ನು ತಂದು ಅಲ್ಲೇ ಸೇರಿಸಿದರು, ನೂರು ತುಣುಕು ಆರಿಸಿಕೊಂಡು ಜೋಡಿಸಬೇಕಿತ್ತು. ಝಡ್ ಕಥೆ ಮುಗಿಯಿತು, ನಾನು ಗೆದ್ದೆ.

ಆಮೇಲೆ ಎಂಟು ವರ್ಷ. ಇಬ್ಬರಿಗೂ ಮದುವೆಯಾಯಿತು, ಅವನಿಗೆ ತಲೆಗೂದಲು ಹೋಯಿತು. 2024ರ ಫೆಬ್ರವರಿ 27, ಪೋಕೆಮಾನ್ ದಿನ. ಆ ಹೊತ್ತಿಗೆ ಜನ ಕಾಯುತ್ತಿದ್ದದ್ದು ಬ್ಲ್ಯಾಕ್, ವೈಟ್ ರಿಮೇಕ್‌ಗೆ. ಹಿಂದಿನ ನಾಲ್ಕು ಜೋಡಿಗಳ ರಿಮೇಕ್ ಬಂದಾಗಿತ್ತು, ಸರದಿ ಪ್ರಕಾರ ಮುಂದಿನದು ಅದೇ. ಬಂದದ್ದು ‘ಪೋಕೆಮಾನ್ ಲೆಜೆಂಡ್ಸ್: ಝಡ್-ಎ’. ಎಕ್ಸ್, ವೈ ಕಥೆಯ ಐದು ವರ್ಷದ ನಂತರ, ಪ್ಯಾರಿಸ್ ನೋಡಿ ಕಟ್ಟಿದ ಲುಮಿಯೋಸ್ ಅನ್ನುವ ಒಂದೇ ನಗರದೊಳಗೆ ನಡೆಯುವ ಆಟ. ಸರದಿಯಲ್ಲಿ ಹೊಡೆಯುವ ಹಳೇ ಪದ್ಧತಿ ಬಿಟ್ಟು ಓಡಾಡುತ್ತಲೇ ಕಾದಾಟ. 2025ರ ಅಕ್ಟೋಬರ್ 16ರಂದು ಬಿಡುಗಡೆಯಾಯಿತು. ಝೈಗಾರ್ಡ್ ಇದೆ, ಹೆಸರಿನಲ್ಲಿ ಝಡ್ ಇದೆ. 2013ರಲ್ಲಿ ಜನ ಊಹಿಸಿದ್ದ ಝಡ್ ಮಾತ್ರ ಇದಲ್ಲ.

ಘೋಷಣೆ ಬಂದ ರಾತ್ರಿಯೇ ಮೆಸೇಜ್ ಬಂತು. "ಝಡ್ ಬಂತಲ್ಲಪ್ಪಾ, ಎರಡು ಪ್ಲೇಟ್." ನಾನು ಬರೆದೆ, ಬೆಟ್ ಇದ್ದದ್ದು ಝಡ್‌ಗೆ, ಇದು ಝಡ್-ಎ, ಮೇಲಾಗಿ ಬೆಟ್ 2016ಕ್ಕೇ ಮುಗಿದಿದೆ. ಬೆಟ್‌ಗೆ ಎಕ್ಸ್‌ಪೈರಿ ಡೇಟ್ ಎಲ್ಲಿತ್ತು ಅಂದ. ಅದಕ್ಕೆ ಉತ್ತರ ಹೊಳೆಯಲಿಲ್ಲ. ಎರಡು ವಾರದಲ್ಲಿ, ಮಾರ್ಚ್ 11ಕ್ಕೆ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಕರ್ನಾಟಕ ಸರ್ಕಾರದ ಆದೇಶ ಬಂತು. ಕೆಂಪು ಗೋಬಿಯೇ ಇಲ್ಲದ ಮೇಲೆ ಇನ್ನೆಲ್ಲಿ ಕೊಡಿಸಲಿ ಅಂತ ಕೇಳಿದೆ. ಬಿಳಿ ಗೋಬಿಯೇ ಆಗಲಿ, ಅಥವಾ ಬೂದು ಬಣ್ಣದ್ದು ಅಂತ ಬರೆದ.